ಕಂಠದ ಆರೈಕೆ: ನಾತ್ ಹಾಡುವವರಿಗೆ, ಕುರ್‌ಆನ್ ಓದುವವರಿಗೆ

ರಬೀಉಲ್ ಅವ್ವಲ್ ಹತ್ತಿರವಾದಂತೆ ಹಾರನಹಳ್ಳಿ, ಪಿರಿಯಾಪಟ್ಟಣ, ಹುಣಸೂರು ಕಡೆಯ ಮೊಹಲ್ಲಾಗಳಲ್ಲಿ ಮಕ್ಕಳ ನಾತ್ ಅಭ್ಯಾಸ ಶುರುವಾಗುತ್ತದೆ. ಮಗ್ರಿಬ್ ಆದ ಮೇಲೆ ಮದ್ರಸದ ಕಿಟಕಿಯಿಂದ ಕೇಳಿಬರುವ ಆ ದನಿಗಳು ಕಿವಿಗೆ ಹಬ್ಬ. ಆದರೆ ಕಾರ್ಯಕ್ರಮಕ್ಕೆ ಒಂದೆರಡು ದಿನ ಇರುವಾಗ ಅದೇ ಮಕ್ಕಳು ದವಾಖಾನೆಗೆ ಬರುತ್ತಾರೆ, ದನಿ ಒಡೆದಿರುತ್ತದೆ. “ಹಕೀಮ್ ಸಾಬ್, ನಾಳೆ ಸಂಜೆಯೊಳಗೆ ಗಂಟಲು ಸರಿಯಾಗಬೇಕು” ಎಂಬುದು ತಾಯಂದಿರ ಬೇಡಿಕೆ. ರಮಝಾನಿನಲ್ಲಿ ತರಾವೀಹ್ ಓದಿಸುವ ಹಾಫಿಝರು, ಜೂನ್ ತಿಂಗಳಲ್ಲಿ ಶಾಲಾ ಶಿಕ್ಷಕಿಯರು, ಹೊಗೆಸೊಪ್ಪಿನ ಬ್ಯಾರನ್ ಹೊತ್ತಿಸುವ ಕಾಲದಲ್ಲಿ ರೈತರು ಇದೇ ದೂರು ಹೇಳುತ್ತಾರೆ.

ಒಂದೇ ರಾತ್ರಿಯಲ್ಲಿ ಕಂಠ ತೆರೆಸುವ ಮದ್ದು ಯಾವ ವೈದ್ಯ ಪದ್ಧತಿಯಲ್ಲೂ ಇಲ್ಲ. ಆದರೆ ದನಿ ಕೆಡದಂತೆ ನೋಡಿಕೊಳ್ಳುವ ಮತ್ತು ಇರುವ ದನಿಯನ್ನು ಹದಗೊಳಿಸುವ ದಾರಿ ಇದೆ. ಅದಕ್ಕೆ ಹಣ ಬೇಡ, ತುಸು ತಿಳಿವಳಿಕೆ ಮತ್ತು ಶಿಸ್ತು ಸಾಕು.

ಇಂಪಾದ ದನಿಗೆ ನಮ್ಮಲ್ಲಿ ದೊಡ್ಡ ಗೌರವವಿದೆ. ಅಝಾನಿನ ಮಾತುಗಳನ್ನು ಕನಸಿನಲ್ಲಿ ಕಂಡವರು ಹಝ್ರತ್ ಅಬ್ದುಲ್ಲಾ ಬಿನ್ ಝೈದ್(ರ). ಆದರೆ ಅದನ್ನು ಕೂಗುವ ಹೊಣೆಯನ್ನು ಪ್ರವಾದಿ(ಸ) ಹಝ್ರತ್ ಬಿಲಾಲ್(ರ)ರಿಗೆ ವಹಿಸಿದರು, ಅವರ ಕಂಠ ಹೆಚ್ಚು ಚೆನ್ನಾಗಿದೆ ಎಂಬ ಕಾರಣಕ್ಕೆ. ನಮ್ಮ ಮೈಸೂರಿನ ಅರಮನೆ ಕೂಡ ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ (1872–1937), ಆಗ್ರಾ ಘರಾನೆಯ ಉಸ್ತಾದ್ ಫಯ್ಯಾಝ್ ಖಾನ್ ಅವರಂತಹ ಗಾಯಕರನ್ನು ಕರೆಸಿ ಸನ್ಮಾನಿಸಿತ್ತು. ಅಂತಹ ಕಂಠ ಹುಟ್ಟಿನಿಂದಷ್ಟೇ ಬರುವುದಿಲ್ಲ, ಅದನ್ನು ಕಾಯ್ದುಕೊಂಡವರಿಗೆ ಉಳಿಯುತ್ತದೆ.

ದನಿ ಹುಟ್ಟುವ ಬಗೆ

ಕತ್ತಿನ ಮುಂಭಾಗದಲ್ಲಿ ಕೈಗೆ ಸಿಗುವ ಉಬ್ಬಿನ ಹಿಂದೆ ಸ್ವರಪೆಟ್ಟಿಗೆ ಇದೆ. ಅದರೊಳಗೆ ಎರಡು ಪುಟ್ಟ ಮಡಿಕೆಗಳು. ಇವೇ ಸ್ವರತಂತುಗಳು. ದೊಡ್ಡವರಲ್ಲೂ ಇವುಗಳ ಉದ್ದ ಸುಮಾರು ಒಂದರಿಂದ ಎರಡೂವರೆ ಸೆಂಟಿಮೀಟರ್ ಮಾತ್ರ. ಎದೆಯಿಂದ ಬರುವ ಉಸಿರು ಇವುಗಳ ನಡುವೆ ಹಾಯುವಾಗ ಇವು ಒಂದಕ್ಕೊಂದು ತಾಗಿ ಬಿಟ್ಟು ಅದುರುತ್ತವೆ. ಸಾಧಾರಣ ಮಾತಿನಲ್ಲಿ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ, ಮಕ್ಕಳಲ್ಲಿ ಇನ್ನೂ ಹೆಚ್ಚು. ಅಂದರೆ ಒಂದು ಗಂಟೆ ಹಾಡಿದ ಹುಡುಗಿಯ ಸ್ವರತಂತುಗಳು ಲಕ್ಷಾಂತರ ಸಲ ತಾಗಿ ಬಿಟ್ಟಿರುತ್ತವೆ. ಇಷ್ಟೊಂದು ಉಜ್ಜಾಟವನ್ನು ಅವು ತಡೆಯುವುದು ಮೇಲಿರುವ ತೆಳ್ಳನೆಯ ತೇವದ ಪದರದಿಂದ. ಆ ತೇವ ಆರಿದರೆ ತಂತುಗಳು ಊದುತ್ತವೆ. ಊತದಲ್ಲೇ ಜೋರಾಗಿ ಹಾಡುತ್ತಾ ಹೋದರೆ ಅಂಗೈಯಲ್ಲಿ ಆಣಿ ಏಳುವಂತೆ ತಂತುಗಳ ಮೇಲೂ ಸಣ್ಣ ಗಂಟು ಏಳುತ್ತದೆ.

ಯುನಾನಿ ಗ್ರಂಥಗಳಲ್ಲಿ ದನಿ ಒಡೆಯುವುದಕ್ಕೆ ‘ಬುಹ್ಹತುಸ್ಸೌತ್’ ಎಂಬ ಹೆಸರಿದೆ. ಇಬ್ನ್ ಸೀನಾ (980–1037) ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ದನಿಯ ಕೆಡುಕುಗಳನ್ನು ಎದೆ ಮತ್ತು ಉಸಿರಾಟದ ಕಾಯಿಲೆಗಳ ಜೊತೆಗೇ ಇಟ್ಟು ವಿವರಿಸಿದ್ದಾರೆ. ಅಕ್ಷರಗಳು ಬಾಯಿ ಗಂಟಲುಗಳ ಯಾವ ಸ್ಥಾನದಿಂದ ಹೇಗೆ ಹುಟ್ಟುತ್ತವೆ ಎಂಬುದರ ಮೇಲೆ ಅವರ ಒಂದು ಪ್ರತ್ಯೇಕ ಕಿರುಗ್ರಂಥವೇ ಇದೆ. ತಜ್ವೀದ್ ಕಲಿಸುವ ಉಸ್ತಾದರೂ ಮಖಾರಿಜ್ ಎಂದು ಕಲಿಸುವುದು ಇದನ್ನೇ.

ಒಂದು ಮುಖ್ಯ ವಿಷಯ ನೆನಪಿರಲಿ. ನಾವು ನುಂಗುವ ಯಾವ ವಸ್ತುವೂ ಸ್ವರತಂತುಗಳನ್ನು ಮುಟ್ಟುವುದಿಲ್ಲ. ನುಂಗುವಾಗ ಸ್ವರಪೆಟ್ಟಿಗೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ನೀರು ಶ್ವಾಸಕೋಶಕ್ಕೆ ಹೋದೀತು. ಆದ್ದರಿಂದ ಜೇನು, ಕಷಾಯ, ಬಾಯಿ ಮುಕ್ಕಳಿಸುವ ಉಪ್ಪುನೀರು ಇವೆಲ್ಲ ಗಂಟಲಿಗೆ ಹಿತ ಕೊಡುತ್ತವೆಯೇ ಹೊರತು ತಂತುಗಳನ್ನು ನೇರವಾಗಿ ತೊಳೆಯುವುದಿಲ್ಲ. ಕುಡಿದ ನೀರು ಮೈಯೆಲ್ಲ ಸೇರಿ ಆಮೇಲೆ ತಂತುಗಳಿಗೆ ತೇವ ಕೊಡುತ್ತದೆ, ಅದಕ್ಕೆ ಕೆಲವು ಗಂಟೆಗಳು ಬೇಕು. ವೇದಿಕೆ ಹತ್ತುವ ಮುಂಚೆ ಗಟಗಟ ಕುಡಿದ ನೀರಿಗಿಂತ ಬೆಳಗಿನಿಂದ ಕುಡಿದ ನೀರೇ ಕೆಲಸಕ್ಕೆ ಬರುತ್ತದೆ.

ಆರೋಗ್ಯದ ಆರು ಆಧಾರಗಳು

ಗಾಳಿ, ಅನ್ನ ನೀರು, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ನೆಮ್ಮದಿ, ನಿದ್ದೆ ಮತ್ತು ಎಚ್ಚರ, ದೇಹ ಉಳಿಸಿಕೊಳ್ಳುವುದು ಮತ್ತು ಹೊರಹಾಕುವುದು. ಆರೋಗ್ಯ ನಿಂತಿರುವುದು ಈ ಆರರ ಮೇಲೆ ಎನ್ನುತ್ತದೆ ಯುನಾನಿ. ಇದಕ್ಕೆ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ. ದನಿಯನ್ನೂ ಈ ಆರರ ಲೆಕ್ಕದಲ್ಲೇ ನೋಡೋಣ.

ಗಾಳಿ: ನಮ್ಮ ನಾಲ್ಕು ತಾಲೂಕುಗಳಲ್ಲಿ ಇದೇ ಮೊದಲನೆಯ ಶತ್ರು. ವರ್ಜೀನಿಯಾ ತಂಬಾಕು ನಮ್ಮ ಭಾಗದ ದೊಡ್ಡ ಹಣದ ಬೆಳೆ. ಸೊಪ್ಪು ಕಿತ್ತು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲಿರುಳು ಬೆಂಕಿ ಆರದಂತೆ ಕಾಯಬೇಕು. ಸೌದೆಯ ಹೊಗೆ, ಒಣ ಬಿಸಿ, ನಿದ್ದೆಗೇಡು ಮೂರೂ ಒಟ್ಟಿಗೆ ಗಂಟಲಿನ ಮೇಲೆ ಬೀಳುತ್ತವೆ. ಆಮೇಲೆ ಮನೆಯೊಳಗೆ ಸೊಪ್ಪು ಬಿಡಿಸಿ ವಿಂಗಡಿಸುವಾಗ ಏಳುವ ಧೂಳು ಹೆಂಗಸರ ಮತ್ತು ಮಕ್ಕಳ ಪಾಲಿಗೆ. ಈ ಕೆಲಸ ಬಿಡಿ ಎಂದು ಹೇಳುವುದು ಸುಲಭ, ಹೊಟ್ಟೆಪಾಡು ಬಿಡದು. ಆದ್ದರಿಂದ ಇಷ್ಟನ್ನಾದರೂ ಮಾಡಿ. ಒಲೆಯ ಬಾಯಿಗೆ ಗಾಳಿ ಬೀಸುವ ಕಡೆಯಿಂದ ಸೌದೆ ಹಾಕಿ, ಹೊಗೆಗೆ ಎದುರಾಗಿ ನಿಲ್ಲಬೇಡಿ. ಸೊಪ್ಪು ವಿಂಗಡಿಸುವಾಗ ಮೂಗು ಬಾಯಿಗೆ ಮಾಸ್ಕ್ ಅಥವಾ ದಪ್ಪ ಹತ್ತಿ ಬಟ್ಟೆ ಕಟ್ಟಿ, ಬಾಗಿಲು ಕಿಟಕಿ ತೆರೆದಿಡಿ. ಆ ಕೋಣೆಯಲ್ಲಿ ಮಕ್ಕಳು ಮಲಗುವುದು ಬೇಡ, ನಾತ್ ಅಭ್ಯಾಸವಂತೂ ಬೇಡವೇ ಬೇಡ. ಧೂಳಿನಲ್ಲಿ ಹಾಡುವಾಗ ಮಾತಾಡುವುದಕ್ಕಿಂತ ಹೆಚ್ಚು ಧೂಳು ಒಳಗೆ ಹೋಗುತ್ತದೆ.

ಬೆಳೆಯುವುದು ಬೇರೆ, ಸೇದುವುದು ಬೇರೆ. ಬೀಡಿ, ಸಿಗರೇಟು, ಎಲೆ ಅಡಿಕೆಯ ಜೊತೆ ಕಡ್ಡಿಪುಡಿ, ಗುಟ್ಕಾ ಇವು ಬಾಯಿ ಗಂಟಲುಗಳನ್ನು ಸುಡುತ್ತವೆ. ಸೇದುವ ತಂದೆಯ ಪಕ್ಕದಲ್ಲಿ ಕುಳಿತ ಮಗುವಿನ ಗಂಟಲಿಗೂ ಆ ಹೊಗೆ ಹೋಗುತ್ತದೆ. ಮಗಳು ಇಂಪಾಗಿ ಹಾಡಬೇಕೆಂಬ ಆಸೆ ಇದ್ದವರು ಮೊದಲು ಮನೆಯೊಳಗಿನ ಬೀಡಿ ಆರಿಸಲಿ.

ಅನ್ನ ನೀರು: ದೊಡ್ಡವರು ದಿನಕ್ಕೆ ಎಂಟರಿಂದ ಹತ್ತು ಲೋಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯಲಿ. ಮೂತ್ರದ ಬಣ್ಣ ತಿಳಿಯಾಗಿದ್ದರೆ ನೀರು ಸಾಕಾಗಿದೆ ಎಂದರ್ಥ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ತಮ್ಮ ವೈದ್ಯರು ಹೇಳಿದ ಅಳತೆ ಮೀರಬಾರದು. ಅತಿಯಾದ ಚಹಾ ಕಾಫಿ ಒಳ್ಳೆಯದಲ್ಲ.

ಊಟದ ಹೊತ್ತು ಕೂಡ ಮುಖ್ಯ. ರಾತ್ರಿ ಹನ್ನೊಂದಕ್ಕೆ ದಾವತ್ತಿನ ಬಿರಿಯಾನಿ ಉಂಡು ಕೂಡಲೇ ಮಲಗಿದರೆ ಹೊಟ್ಟೆಯ ಹುಳಿ ಮೇಲೇರಿ ಸ್ವರಪೆಟ್ಟಿಗೆಯ ತನಕ ಬರುತ್ತದೆ. ಬೆಳಿಗ್ಗೆ ದನಿ ಗಡಸು, ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಸರಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ, ಆಗಾಗ ಹುಳಿತೇಗು. ಈ ಲಕ್ಷಣಗಳು ಕಂಡರೆ ಮದ್ದು ಗಂಟಲಿಗಲ್ಲ, ಹೊಟ್ಟೆಗೆ ಬೇಕು. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬಿಡಿ, ಮಂಚದ ತಲೆಯ ಕಡೆ ತುಸು ಎತ್ತರಿಸಿ, ಕರಿದ ತಿಂಡಿ ಮತ್ತು ಅತಿ ಖಾರ ಕಡಿಮೆ ಮಾಡಿ.

ದುಡಿಮೆ ಮತ್ತು ವಿಶ್ರಾಂತಿ: ಎದ್ದ ಕೂಡಲೇ ಓಡುವ ಎತ್ತು ಕುಂಟುತ್ತದೆ. ಕಂಠವೂ ಹಾಗೆಯೇ. ಅಭ್ಯಾಸದ ಮುಂಚೆ ಐದು ಹತ್ತು ನಿಮಿಷ ಈ ಮೂರನ್ನು ಮಾಡಿ.

ಒಂದು, ಬಾಯಿ ಮುಚ್ಚಿ ‘ಮ್ಮ್’ ಎಂದು ಮೆಲ್ಲಗೆ ಗುನುಗಿ. ತುಟಿ ಮೂಗುಗಳಲ್ಲಿ ಸಣ್ಣ ಕಂಪನ ತಿಳಿಯಬೇಕು. ತಜ್ವೀದ್ ಕಲಿತವರು ಗುನ್ನಾ ಹೇಳುವಾಗ ಆಗುವ ಅನುಭವವೇ ಇದು.

ಎರಡು, ಚಿಕ್ಕ ಮಕ್ಕಳು ಬಸ್ಸಿನ ಆಟ ಆಡುವಾಗ ತುಟಿ ಅದುರಿಸುವಂತೆ ‘ಬ್ರ್ರ್ರ್’ ಎಂದು ತಗ್ಗಿನಿಂದ ಮೇಲಕ್ಕೆ, ಮೇಲಿನಿಂದ ತಗ್ಗಿಗೆ ದನಿ ಜಾರಿಸಿ.

ಮೂರು, ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಒಂದೆರಡು ಸೆಂಟಿಮೀಟರ್ ಮುಳುಗಿಸಿ, ಗುಳ್ಳೆ ಏಳುವಂತೆ ‘ಊ’ ಎಂದು ದನಿ ಬಿಡಿ. ಇದರಿಂದ ತಂತುಗಳು ಬಡಿದಾಡದೆ ಹಗುರವಾಗಿ ತಾಗಲು ಕಲಿಯುತ್ತವೆ. ದನಿ ದಣಿದಾಗಲೂ ಇದು ಹಿತ.

ಉಸಿರು ಹೊಟ್ಟೆ ಮತ್ತು ಕೆಳಪಕ್ಕೆಲುಬುಗಳ ಕಡೆಯಿಂದ ಬರಲಿ, ಭುಜ ಮೇಲೇಳಬಾರದು. ಉಸಿರು ಪೂರ್ತಿ ಖಾಲಿಯಾಗುವ ತನಕ ಒಂದೇ ಸಾಲನ್ನು ಎಳೆಯಬೇಡಿ. ಕತ್ತು ಮುಂದಕ್ಕೆ ಚಾಚುವುದು, ಗದ್ದ ಮೇಲೆತ್ತುವುದು, ಕತ್ತಿನ ನರ ಉಬ್ಬುವುದು ಇವೆಲ್ಲ ಶ್ರುತಿ ನಿಮಗೆ ಎತ್ತರವಾಯಿತು ಎಂಬುದರ ಸೂಚನೆ. ಕ್ಯಾಸೆಟ್ಟಿನ ಅಥವಾ ಮೊಬೈಲಿನ ನಾತ್‌ಖಾನರ ಶ್ರುತಿಯಲ್ಲೇ ಹಾಡಬೇಕೆಂಬ ಹಟ ಬೇಡ, ನಿಮ್ಮ ಕಂಠಕ್ಕೆ ಒಗ್ಗುವಷ್ಟು ಇಳಿಸಿಕೊಳ್ಳಿ. ಮುಂಜಾನೆ ತಗ್ಗಿನ ಸ್ವರಗಳಲ್ಲಿ ಸಾಧನೆ ಮಾಡುವ ‘ಖರಜ್’ ಪದ್ಧತಿ ಹಿಂದೂಸ್ತಾನಿ ಗಾಯಕರಲ್ಲಿದೆ. ಮೆಲ್ಲಗೆ ಮಾಡಿದರೆ ಅದು ಒಳ್ಳೆಯದೇ, ಆದರೆ ದನಿ ಕರಕರ ಎನ್ನುವಷ್ಟು ಕೆಳಕ್ಕೆ ಒತ್ತಬಾರದು.

ಒಂದು ಗಂಟೆ ಎಡೆಬಿಡದೆ ಹಾಡುವುದಕ್ಕಿಂತ 20 ನಿಮಿಷದ ಎರಡು ಅಭ್ಯಾಸಗಳು ಮೇಲು. ಮೈಕ್ ಇದ್ದರೆ ಅದನ್ನು ನಂಬಿ. ನಾಲ್ಕು ಬೆರಳು ದೂರದಲ್ಲಿಟ್ಟು ಮಾಮೂಲಿ ದನಿಯಲ್ಲಿ ಹಾಡಿ, ಸಾಲದಿದ್ದರೆ ಮೈಕ್ ಏರಿಸಿ, ಗಂಟಲು ಏರಿಸಬೇಡಿ. ಗದ್ದಲದಲ್ಲಿ ನಮಗೆ ಗೊತ್ತಿಲ್ಲದೆಯೇ ನಮ್ಮ ದನಿ ಏರುತ್ತದೆ. ಓದುವವರು, ಹಾಡುವವರು ಕಿವಿಯ ಬಳಿ ಕೈ ಮರೆ ಹಿಡಿಯುವುದರಲ್ಲಿ ಒಂದು ಉಪಯೋಗವಿದೆ, ತಮ್ಮ ದನಿ ತಮಗೆ ಕೇಳಿಸಿದರೆ ಕಿರುಚುವ ಅಗತ್ಯ ಬೀಳುವುದಿಲ್ಲ.

ಮನಸ್ಸು: ಭಯದಲ್ಲಿ ಬಾಯಿ ಒಣಗುತ್ತದೆ, ಗಂಟಲು ಬಿಗಿಯುತ್ತದೆ. ವೇದಿಕೆ ಹತ್ತುವ ಮಗುವಿಗೆ “ತಪ್ಪಿದರೆ ನೋಡು” ಎಂದು ಹೆದರಿಸಬೇಡಿ. ಬಹುಮಾನದ ಮಾತು ಬಿಟ್ಟು ಬೆನ್ನು ತಟ್ಟಿ ಕಳಿಸಿ. ಮನೆಯಲ್ಲಿ ಒಬ್ಬರಿಗೊಬ್ಬರು ಕೂಗಾಡುವ ಅಭ್ಯಾಸವಿದ್ದರೆ ಮಕ್ಕಳೂ ಕೂಗುತ್ತಾರೆ. ಚಿಕ್ಕ ಹುಡುಗರ ಸ್ವರತಂತುಗಳಲ್ಲಿ ಗಂಟು ಏಳಲು ಹಾಡಿಗಿಂತ ಕಿರುಚಾಟವೇ ಹೆಚ್ಚಿನ ಕಾರಣ. ಹಝ್ರತ್ ಲುಕ್ಮಾನರು ಮಗನಿಗೆ ಹೇಳಿದ ಬುದ್ಧಿಮಾತುಗಳಲ್ಲಿ ದನಿ ತಗ್ಗಿಸುವ ಮಾತೂ ಇದೆ ಎಂಬುದನ್ನು ನೆನೆಯೋಣ.

ನಿದ್ದೆ: ಕಾರ್ಯಕ್ರಮದ ಹಿಂದಿನ ರಾತ್ರಿ ಪೂರ್ತಿ ನಿದ್ದೆ ಮಾಡಿಸಿ. ದಣಿದ ದೇಹದಲ್ಲಿ ಉಸಿರಿನ ಆಸರೆ ಕುಸಿಯುತ್ತದೆ, ಆಗ ಗಂಟಲು ಒತ್ತಿ ದನಿ ತೆಗೆಯುತ್ತೇವೆ.

ಹೊರಹಾಕುವುದು: ಮಾತಿಗೊಮ್ಮೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಚಟ ಅನೇಕರಿಗಿದೆ. ಒಂದೊಂದು ಸಲವೂ ತಂತುಗಳು ಬಲವಾಗಿ ಬಡಿದುಕೊಳ್ಳುತ್ತವೆ, ಕಫ ಮತ್ತೆ ಬರುತ್ತದೆ. ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ ಅಥವಾ ಉಗುಳು ನುಂಗಿ. ಮಲಬದ್ಧತೆಯಲ್ಲಿ ಮುಕ್ಕುವಾಗಲೂ, ಭಾರದ ಮೂಟೆ ಎತ್ತುವಾಗಲೂ ತಂತುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಹಾಡುವ ದಿನ ಆ ಶ್ರಮ ತಪ್ಪಿಸಿ.

ಹದಿಹರೆಯದ ಹುಡುಗರು

ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಸ್ವರಪೆಟ್ಟಿಗೆ ಬೇಗ ಬೆಳೆಯುತ್ತದೆ, ದನಿ ಕೆಲವು ತಿಂಗಳು ಮೇಲೆ ಕೆಳಗೆ ಜಿಗಿಯುತ್ತದೆ. ಕಳೆದ ವರ್ಷ ಬಹುಮಾನ ಗೆದ್ದ ಹುಡುಗ ಈ ವರ್ಷ ಅದೇ ನಾತ್ ಹಾಡಲಾರ. ಇದು ಕಾಯಿಲೆಯಲ್ಲ, ದೃಷ್ಟಿಯೂ ಅಲ್ಲ. ಹಳೆಯ ಎತ್ತರಕ್ಕೆ ಎಳೆಸಬೇಡಿ, ನಗಬೇಡಿ. ಆ ತಿಂಗಳುಗಳಲ್ಲಿ ಮೆಲ್ಲನೆಯ ಓದು ಸಾಕು. ದೇಹ ಬೆಳೆದ ಮೇಲೂ ಹೆಣ್ಣುದನಿಯೇ ಉಳಿದರೆ ನಾಚಿಕೆ ಬೇಡ, ಅದನ್ನು ದನಿಯ ಚಿಕಿತ್ಸೆಯಿಂದ ಸರಿಪಡಿಸಬಹುದು.

ಬದಲಾದ ದನಿ ಹಾಳಾದ ದನಿಯಲ್ಲ. ನಮ್ಮ ನಾಡಿನ ಗಂಗೂಬಾಯಿ ಹಾನಗಲ್ (1913–2009) ಅವರ ಕಂಠ ಗಂಟಲಿನ ಚಿಕಿತ್ಸೆಯ ಬಳಿಕ ಗಂಡುದನಿಯಂತೆ ದಪ್ಪವಾಯಿತು. ಅವರು ಆ ದನಿಗೆ ಒಪ್ಪುವ ಶ್ರುತಿಯಲ್ಲೇ ದಶಕಗಳ ಕಾಲ ಹಾಡಿದರು.

ರಮಝಾನಿನಲ್ಲಿ ಹಾಫಿಝರು

27 ರಾತ್ರಿಯಲ್ಲಿ ಕುರ್‌ಆನ್ ಪೂರೈಸಬೇಕೆಂದರೆ ದಿನಕ್ಕೆ ಒಂದು ಜುಝ್‌ಗಿಂತ ಹೆಚ್ಚು ಓದಬೇಕು. ಅದರ ಮೇಲೆ ಹಗಲಿನ ದೌರ್, ಅದೂ ನೀರಿಲ್ಲದ ಗಂಟಲಿನಲ್ಲಿ. ಹಾಗಾಗಿ ಹಗಲಿನ ದೌರನ್ನು ತಗ್ಗಿದ ಮಾತಿನ ದನಿಯಲ್ಲಿ ಮುಗಿಸಿ, ಪೂರ್ತಿ ಕಂಠವನ್ನು ರಾತ್ರಿಗೆ ಉಳಿಸಿ. ಪಿಸುಗುಟ್ಟಿ ಓದುವುದು ವಿಶ್ರಾಂತಿಯಲ್ಲ, ಅದರಲ್ಲೂ ಗಂಟಲು ಬಿಗಿಯುತ್ತದೆ. ಇಫ್ತಾರಿನಿಂದ ಸಹರಿಯ ತನಕ ನೀರನ್ನು ಹಂಚಿಕೊಂಡು ಕುಡಿಯಿರಿ. ಇಫ್ತಾರಿಗೆ ಸಮೋಸ, ಮೆಣಸಿನಕಾಯಿ ಬಜ್ಜಿ ತುಂಬಿಸಿಕೊಂಡು ತರಾವೀಹ್‌ಗೆ ನಿಂತರೆ ಹುಳಿತೇಗು ಖಂಡಿತ. ‘ತರಾವೀಹ್’ ಎಂಬ ಹೆಸರೇ ವಿಶ್ರಾಂತಿ ಎಂಬ ಅರ್ಥದಿಂದ ಬಂದದ್ದು. ನಾಲ್ಕು ರಕ್‌ಅತ್‌ಗಳ ನಂತರದ ಆ ಬಿಡುವಿನಲ್ಲಿ ಹಾಫಿಝರಿಗೆ ಬೆಚ್ಚನೆಯ ನೀರು ಕೊಡುವ ಹೊಣೆಯನ್ನು ಜಮಾಅತ್‌ನವರು ಹೊರಲಿ. ದನಿ ಕೈಕೊಟ್ಟ ದಿನ ಇನ್ನೊಬ್ಬ ಹಾಫಿಝರೊಂದಿಗೆ ಹಂಚಿಕೊಳ್ಳುವುದರಲ್ಲಿ ಅವಮಾನವಿಲ್ಲ.

ಮದ್ದುಗಳು

ನೆಗಡಿ, ಒಣ ಕೆಮ್ಮಿನ ಜೊತೆ ದನಿ ಒಡೆದಾಗ ಹಳೆಯ ಜೋಶಾಂದಾ ಈಗಲೂ ಉಪಯುಕ್ತ. ಉನ್ನಾಬ್ 5, ಸಪಿಸ್ತಾನ್ ಅಂದರೆ ಒಣಗಿದ ಚಳ್ಳೆಹಣ್ಣು 9, ಬಿಹೀದಾನ 3 ಗ್ರಾಂ. ಇವನ್ನು ಒಂದು ಲೋಟ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಬೆಚ್ಚಗೆ ಕುಡಿಯಬೇಕು. ಇದು ದೊಡ್ಡವರ ಪ್ರಮಾಣ. ಹಿಪ್ಪುನೇರಳೆ ಹಣ್ಣಿನಿಂದ ಮಾಡುವ ‘ಶರ್ಬತ್ ತೂತ್ ಸಿಯಾಹ್’ ಗಂಟಲು ನೋವಿಗೆ ಹಿತ, ಆದರೆ ಸಕ್ಕರೆ ಕಾಯಿಲೆಯವರಿಗೆ ಸಲ್ಲದು. ಅಸಲುಸ್ಸೂಸ್, ಅಂದರೆ ಜ್ಯೇಷ್ಠಮಧುವಿನ ಒಂದು ಸಣ್ಣ ತುಂಡನ್ನು ಬಾಯಲ್ಲಿಟ್ಟು ರಸ ನುಂಗುವುದು ಗಂಟಲಿಗೆ ಹಿತ. ಇದನ್ನು ಕೆಲವು ದಿನ ಮಾತ್ರ ಬಳಸಿ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಬಳಸಬಾರದು. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಲ್ಲರಿಗೂ ನಿರಪಾಯ ಎಂದಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬೇಡಿ.

ಬರೀ ನೀರಿನ ಹಬೆಯನ್ನು ಐದು ಹತ್ತು ನಿಮಿಷ ಮೆಲ್ಲಗೆ ಉಸಿರಾಡಿದರೆ ಆ ತೇವ ನೇರವಾಗಿ ತಂತುಗಳ ತನಕ ತಲುಪುತ್ತದೆ. ಅದಕ್ಕೆ ನೋವಿನ ಮುಲಾಮು ಬೆರೆಸಬೇಡಿ. ಮಕ್ಕಳನ್ನು ಕುದಿನೀರಿನ ಪಾತ್ರೆಯ ಬಳಿ ಕೂರಿಸಬೇಡಿ, ಸುಟ್ಟ ಗಾಯದ ಅಪಾಯ ದೊಡ್ಡದು. ಗಂಟಲು ಮರಗಟ್ಟಿಸುವ ಗುಳಿಗೆ ಚೀಪಿಕೊಂಡು ವೇದಿಕೆ ಹತ್ತಬೇಡಿ. ನೋವು ತಿಳಿಯದೆ ಇನ್ನಷ್ಟು ಒತ್ತುತ್ತೀರಿ. ದನಿ ಪೂರ್ತಿ ಹೋದಾಗ ಒಂದೆರಡು ದಿನದ ಮೌನಕ್ಕಿಂತ ದೊಡ್ಡ ಮದ್ದಿಲ್ಲ, ಕಾರ್ಯಕ್ರಮ ತಪ್ಪಿದರೂ ಸರಿ.

ತಡಮಾಡಬಾರದ ಸೂಚನೆಗಳು

ಈ ಲೇಖನದ ಎಲ್ಲ ಮಾತು ಮರೆತರೂ ಇದೊಂದನ್ನು ಮರೆಯಬೇಡಿ. ನಮ್ಮ ಭಾಗದಲ್ಲಿ ಗಂಡಸರ ದನಿ ಒಡೆದರೆ “ಬ್ಯಾರನ್ ಹೊಗೆ, ಸೀಸನ್ ಮುಗಿದರೆ ಸರಿಹೋಗುತ್ತದೆ” ಎಂದು ತಿಂಗಳುಗಟ್ಟಲೆ ಸುಮ್ಮನಿರುವುದುಂಟು. ಸೇದುವವರಲ್ಲಿ ಇದೇ ಗಂಟಲಿನ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದು. ಸ್ವರತಂತುವಿನ ಕ್ಯಾನ್ಸರ್ ಬೇಗ ದನಿ ಕೆಡಿಸುವುದರಿಂದ ಬೇಗ ಪತ್ತೆಯಾಗಬಲ್ಲದು. ಆಗ ಚಿಕಿತ್ಸೆ ಮಾಡಿದರೆ ಬಹಳಷ್ಟು ಮಂದಿ ಗುಣವಾಗುತ್ತಾರೆ, ದನಿಯನ್ನೂ ಉಳಿಸಿಕೊಳ್ಳುತ್ತಾರೆ. ತಡವಾದರೆ ಸ್ವರಪೆಟ್ಟಿಗೆಯನ್ನೇ ತೆಗೆಯಬೇಕಾದೀತು.

ದನಿ ಒಡೆದು ಎರಡು ವಾರ ದಾಟಿದರೆ ವೈದ್ಯರಿಗೆ ತೋರಿಸಿ. ಮೂರು ವಾರವಾದರೂ ಸರಿಯಾಗದಿದ್ದರೆ ಕಷಾಯ ನಿಲ್ಲಿಸಿ ಕಿವಿ ಮೂಗು ಗಂಟಲು ತಜ್ಞರ ಬಳಿ ಸ್ವರಪೆಟ್ಟಿಗೆಯ ಪರೀಕ್ಷೆ ಮಾಡಿಸಿ. ಯುನಾನಿ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಒಳಗೆ ಕಣ್ಣಿಟ್ಟು ನೋಡದೆ ಕೊಡುವ ಮದ್ದು ಕತ್ತಲೆಯಲ್ಲಿ ಬಿಟ್ಟ ಬಾಣ. ಉಗುಳಿನಲ್ಲಿ ರಕ್ತ, ನುಂಗಲು ಕಷ್ಟ, ಕತ್ತಿನಲ್ಲಿ ಗಂಟು, ಬಿಡದ ಕಿವಿನೋವು, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಒಂದಿದ್ದರೂ ವಾರಗಳ ಲೆಕ್ಕ ಹಾಕಬೇಡಿ. ಉಸಿರಾಡಲು ಕಷ್ಟವಾದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ನಮಗೆ ಒಂದು ಅನುಕೂಲವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದನಿಯ ತೊಂದರೆಗಳಿಗೆ ದೇಶದಲ್ಲೇ ಹೆಸರಾದ ಕೇಂದ್ರ ಸರ್ಕಾರದ ಸಂಸ್ಥೆ. ಕೆ.ಆರ್. ಆಸ್ಪತ್ರೆಯೂ ಅಲ್ಲೇ ಇದೆ. ಹುಣಸೂರು ದಾರಿಯ ಬಸ್ಸು ಹತ್ತಿದರೆ ಅರ್ಧ ದಿನದ ಕೆಲಸ. ಹಾಡುಗಾರರ, ಶಿಕ್ಷಕಿಯರ ತಂತುಗಳ ಗಂಟು ಹೆಚ್ಚಿನ ಸಲ ಶಸ್ತ್ರಕ್ರಿಯೆ ಇಲ್ಲದೆ, ದನಿ ಬಳಸುವ ರೀತಿ ಬದಲಿಸಿಕೊಂಡರೇ ಕರಗುತ್ತದೆ.

ಕಂಠ ಅಲ್ಲಾಹನು ಕೊಟ್ಟ ಅಮಾನತ್. ಈ ತಿಂಗಳು ನಿಮ್ಮ ಮನೆಯಲ್ಲಿ ಯಾರ ದನಿಯಾದರೂ ಹಲವು ದಿನಗಳಿಂದ ಗಡಸಾಗಿದೆಯೇ ಎಂದು ಒಮ್ಮೆ ಕಿವಿಗೊಟ್ಟು ಕೇಳಿ. ಇದ್ದರೆ, ಅದು ಎಷ್ಟು ವಾರದಿಂದ ಎಂದು ಇಂದೇ ಲೆಕ್ಕ ಹಾಕಿ.